ಹಸಿರು ಗುರುತು, ನೀಲಿ ಮೋಡ: ಸಿಂಕ್ ಚಿಹ್ನೆಗಳನ್ನು ಓದಲು ಕಲಿಸುವ ಪಾಠ

ವಿಷಯ: ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ
ತರಗತಿ: ಬಿ.ಇಡಿ. ಪ್ರಶಿಕ್ಷಣಾರ್ಥಿಗಳು
ಘಟಕ: ಕ್ಲೌಡ್ ಸಂಗ್ರಹಣೆ
ಉಪಘಟಕ: ಒನ್‌ಡ್ರೈವ್‌ನ ಸ್ಥಿತಿ ಚಿಹ್ನೆಗಳು
ಅವಧಿ: 45 ನಿಮಿಷ

ಪಾಠದ ಅಗತ್ಯ

ಅಭ್ಯಾಸ ಬೋಧನೆಗೆ ಹೊರಡುವ ಪ್ರಶಿಕ್ಷಣಾರ್ಥಿಯ ಪಾಠಯೋಜನೆ, ಸ್ಲೈಡ್, ಅಂಕಪಟ್ಟಿಗಳೆಲ್ಲ ಈಗ ಲ್ಯಾಪ್‌ಟಾಪಿನಲ್ಲಿರುತ್ತವೆ. ವಿಂಡೋಸ್ ಲ್ಯಾಪ್‌ಟಾಪನ್ನು ಮೈಕ್ರೋಸಾಫ್ಟ್ ಖಾತೆಯೊಂದಿಗೆ ಸಿದ್ಧಪಡಿಸಿದಾಗ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರುಗಳು ಎಷ್ಟೋ ಸಲ ಒನ್‌ಡ್ರೈವ್‌ನೊಳಗೆ ಸೇರಿರುತ್ತವೆ. ಬಳಸುವವರಿಗೆ ಅದು ತಿಳಿದೂ ಇರುವುದಿಲ್ಲ. 2017ರಲ್ಲಿ ಬಂದ 'ಫೈಲ್ಸ್ ಆನ್-ಡಿಮ್ಯಾಂಡ್' ಸೌಲಭ್ಯದಿಂದಾಗಿ ಫೈಲಿನ ಹೆಸರು ಲ್ಯಾಪ್‌ಟಾಪಿನಲ್ಲಿ ಕಾಣಿಸಿದರೂ ಫೈಲು ಅಲ್ಲಿ ಇಲ್ಲದಿರಬಹುದು. ಇದೆಯೋ ಇಲ್ಲವೋ ಎಂದು ಹೇಳುವುದು ಹೆಸರಿನ ಪಕ್ಕದ ಪುಟ್ಟ ಚಿಹ್ನೆ ಮಾತ್ರ. ನೆಟ್‌ವರ್ಕ್ ಸಿಗದ ಶಾಲೆಯಲ್ಲಿ, ಮಕ್ಕಳೆದುರು ನಿಂತಾಗ ಆ ಚಿಹ್ನೆಯ ಅರ್ಥ ತಿಳಿದರೆ ಪ್ರಯೋಜನವಿಲ್ಲ.

ಬೋಧನಾ ಉದ್ದೇಶಗಳು

ಪಾಠದ ಕೊನೆಗೆ ಪ್ರಶಿಕ್ಷಣಾರ್ಥಿಗಳು:
1. ಐದು ಮುಖ್ಯ ಚಿಹ್ನೆಗಳನ್ನು ಗುರುತಿಸಿ ಅರ್ಥ ಹೇಳುವರು.
2. ನೆಟ್ ಇಲ್ಲದಾಗ ಯಾವ ಫೈಲು ತೆರೆಯುತ್ತದೆ ಎಂದು ಮೊದಲೇ ಊಹಿಸುವರು.
3. ಜಾಗ ಖಾಲಿ ಮಾಡುವುದಕ್ಕೂ ಫೈಲು ಅಳಿಸುವುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುವರು.

ಬೋಧನೋಪಕರಣಗಳು: ಒನ್‌ಡ್ರೈವ್ ಇರುವ ಒಂದು ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಮೂರು ಸ್ಥಿತಿಗಳಲ್ಲಿರುವ ಮೂರು ಫೈಲುಗಳು, ಚಿಹ್ನೆಗಳನ್ನು ದೊಡ್ಡದಾಗಿ ಬರೆದ ಪಟ್ಟಿ.

ಪೀಠಿಕೆ (5 ನಿಮಿಷ)

ಬೋಧಕರು ಗ್ರಂಥಾಲಯದ ಉದಾಹರಣೆಯಿಂದ ಆರಂಭಿಸಬಹುದು.

ಪ್ರಶ್ನೆ: ಗ್ರಂಥಾಲಯದ ಕಾರ್ಡ್ ಪೆಟ್ಟಿಗೆಯಲ್ಲಿ ಪುಸ್ತಕದ ಹೆಸರಿನ ಕಾರ್ಡು ಸಿಕ್ಕಿತು. ಪುಸ್ತಕ ಕೈಗೆ ಬಂದಂತೆಯೇ?
ನಿರೀಕ್ಷಿತ ಉತ್ತರ: ಇಲ್ಲ. ಕಪಾಟಿನಲ್ಲಿ ಇರಬೇಕು.
ಪ್ರಶ್ನೆ: ಪುಸ್ತಕ ಬೇರೆ ಊರಿನ ಗ್ರಂಥಾಲಯದಲ್ಲಿದ್ದರೆ?
ನಿರೀಕ್ಷಿತ ಉತ್ತರ: ತರಿಸಿಕೊಳ್ಳಬೇಕು.

ನೀಲಿ ಮೋಡದ ಚಿಹ್ನೆಯುಳ್ಳ ಫೈಲು ಈ ಕಾರ್ಡಿನಂತೆ ಎಂದು ಹೇಳಿ ಪಾಠವನ್ನು ಘೋಷಿಸುವುದು.

ವಿಷಯ ನಿರೂಪಣೆ (20 ನಿಮಿಷ)

ಹಂತ 1: ಚಿಹ್ನೆಗಳು. ಪಟ್ಟಿಯನ್ನು ತೋರಿಸುತ್ತ ಒಂದೊಂದನ್ನೇ ವಿವರಿಸುವುದು.

• ನೀಲಿ ಗೆರೆಯ ಮೋಡ: ಫೈಲು ಕ್ಲೌಡ್‌ನಲ್ಲಿ ಮಾತ್ರ ಇದೆ. ನೆಟ್ ಇಲ್ಲದೆ ತೆರೆಯದು.
• ಬಿಳಿ ವೃತ್ತದಲ್ಲಿ ಹಸಿರು ಸರಿ ಗುರುತು: ಫೈಲನ್ನು ಒಮ್ಮೆ ತೆರೆದಿದ್ದರಿಂದ ಇಲ್ಲಿಗೆ ಇಳಿದಿದೆ. ಸದ್ಯಕ್ಕೆ ನೆಟ್ ಇಲ್ಲದೆಯೂ ತೆರೆಯುತ್ತದೆ.
• ತುಂಬು ಹಸಿರು ವೃತ್ತದಲ್ಲಿ ಬಿಳಿ ಸರಿ ಗುರುತು: 'ಯಾವಾಗಲೂ ಈ ಸಾಧನದಲ್ಲಿರಲಿ' ಎಂದು ನಾವೇ ಹೇಳಿದ ಫೈಲು.
• ಸುತ್ತುವ ಎರಡು ಬಾಣಗಳು: ಬದಲಾವಣೆ ಇನ್ನೂ ಹೋಗುತ್ತಿದೆ ಅಥವಾ ಬರುತ್ತಿದೆ.
• ಕೆಂಪು ವೃತ್ತದಲ್ಲಿ ಬಿಳಿ ಅಡ್ಡಗುರುತು: ಸಿಂಕ್ ಆಗಿಲ್ಲ, ಗಮನಿಸಬೇಕು.

ಹೆಚ್ಚು ಗೊಂದಲವಾಗುವುದು ಎರಡು ಹಸಿರುಗಳ ನಡುವೆ. ಒಂದು ಟೊಳ್ಳು, ಇನ್ನೊಂದು ತುಂಬು, ವ್ಯತ್ಯಾಸ ಅಷ್ಟೇ. ಟೊಳ್ಳು ಹಸಿರು ಶಾಶ್ವತವಲ್ಲ. ವಿಂಡೋಸ್‌ನ 'ಸ್ಟೋರೇಜ್ ಸೆನ್ಸ್' ಅನ್ನು ಹಾಗೆ ಹೊಂದಿಸಿದ್ದರೆ, ಕೆಲವು ದಿನ ತೆರೆಯದ ಫೈಲು ತಾನಾಗಿ ಮತ್ತೆ ನೀಲಿ ಮೋಡವಾಗುತ್ತದೆ. ಆದ್ದರಿಂದ ಶಾಲೆಗೆ ಒಯ್ಯುವ ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಆರಿಸುವುದನ್ನು ಮಾಡಿ ತೋರಿಸಬೇಕು.

ಹಂತ 2: ಊಹಿಸಿ, ಪರೀಕ್ಷಿಸಿ. ಮೂರು ಫೈಲುಗಳನ್ನು ಪರದೆಯ ಮೇಲೆ ತೋರಿಸಿ, ಯಾವುದು ತೆರೆಯುತ್ತದೆ ಎಂದು ಪ್ರತಿಯೊಬ್ಬರೂ ಬರೆದುಕೊಳ್ಳಲಿ. ಅನಂತರ ಏರ್‌ಪ್ಲೇನ್ ಮೋಡ್ ಹಾಕಿ ಒಂದೊಂದನ್ನೇ ತೆರೆಯುವುದು. ಬಳಿಕ ಪ್ರತಿ ಫೈಲಿನ ಪ್ರಾಪರ್ಟೀಸ್ ತೆರೆದು 'ಸೈಜ್' ಮತ್ತು 'ಸೈಜ್ ಆನ್ ಡಿಸ್ಕ್' ಎರಡನ್ನೂ ಓದಿಸುವುದು. ನೀಲಿ ಮೋಡದ ಫೈಲಿಗೆ ಎರಡನೆಯದು 0 ಬೈಟ್ ಎಂದಿರುತ್ತದೆ. ಚಿಹ್ನೆಯ ಮಾತನ್ನು ಅಂಕಿಯಿಂದ ದೃಢಪಡಿಸಿಕೊಳ್ಳುವ ಈ ಕ್ರಮ ಪಾಠದ ಮುಖ್ಯ ಚಟುವಟಿಕೆ. ಇದನ್ನು ಅವಸರದಲ್ಲಿ ಮುಗಿಸಬಾರದು.

ಹಂತ 3: ಬಾಣಗಳು ನಿಲ್ಲದಿದ್ದರೆ. ಕಾರಣಗಳನ್ನು ಪ್ರಶಿಕ್ಷಣಾರ್ಥಿಗಳಿಂದಲೇ ಹೊರಡಿಸುವುದು: ನೆಟ್ ನಿಧಾನ, ಸಿಂಕ್ ಅನ್ನು 2, 8 ಅಥವಾ 24 ಗಂಟೆ ತಡೆದಿಟ್ಟಿರುವುದು, ಉಚಿತ ಖಾತೆಯ 5 ಜಿಬಿ ತುಂಬಿರುವುದು. ಕಾರಣ ತಿಳಿಯಲು ಟಾಸ್ಕ್‌ಬಾರಿನ ಮೋಡದ ಚಿಹ್ನೆಯನ್ನು ಒತ್ತಿ ಅಲ್ಲಿನ ಸಂದೇಶವನ್ನು ಓದಬೇಕು. ಬಾಣ ಸುತ್ತುತ್ತಿರುವಾಗ ಲ್ಯಾಪ್‌ಟಾಪ್ ಮುಚ್ಚಿ ಹೊರಟರೆ, ಇನ್ನೊಂದು ಕಂಪ್ಯೂಟರಿನಲ್ಲಿ ಹಳೆಯ ಪ್ರತಿಯೇ ಸಿಗುತ್ತದೆ.

ಚಿಹ್ನೆ ಹೇಳದಿರುವ ಮಾತು (10 ನಿಮಿಷ)

ಹಸಿರು ಗುರುತು ಕಂಡೊಡನೆ 'ಫೈಲು ಸುರಕ್ಷಿತ' ಎಂದುಕೊಳ್ಳುವುದು ಸಾಮಾನ್ಯ ತಪ್ಪುಗ್ರಹಿಕೆ. ಹಸಿರು ಹೇಳುವುದು 'ಫೈಲು ಇಲ್ಲಿದೆ' ಎಂದಷ್ಟೇ. ಸಿಂಕ್ ಎಂದರೆ ಎರಡೂ ಕಡೆ ಒಂದೇ ರೀತಿ ಇರಿಸುವುದು. ಆದ್ದರಿಂದ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಇಲ್ಲಿ ಕೆಟ್ಟದ್ದು ಅಲ್ಲಿಗೂ ಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ ಜಾಗ ಬೇಕೆಂದು 'ಡಿಲೀಟ್' ಒತ್ತಿದರೆ ಕ್ಲೌಡ್‌ನ ಪ್ರತಿಯೂ ಹೋಗುತ್ತದೆ. 'ಫ್ರೀ ಅಪ್ ಸ್ಪೇಸ್' ಒತ್ತಿದರೆ ಇಲ್ಲಿನ ಪ್ರತಿ ಮಾತ್ರ ಹೋಗಿ ನೀಲಿ ಮೋಡ ಉಳಿಯುತ್ತದೆ. ಅಳಿಸಿದ ಫೈಲು ಸಾಮಾನ್ಯವಾಗಿ ಒನ್‌ಡ್ರೈವ್‌ನ ರಿಸೈಕಲ್ ಬಿನ್‌ನಲ್ಲಿ ವೈಯಕ್ತಿಕ ಖಾತೆಗೆ 30 ದಿನ, ಸಂಸ್ಥೆಯ ಖಾತೆಗೆ 93 ದಿನ ಇರುತ್ತದೆ. ಕಳೆದುಕೊಳ್ಳಲಾಗದ ದಾಖಲೆಗಳಿಗೆ ಪೆನ್‌ಡ್ರೈವ್‌ನಲ್ಲಿ ಬೇರೆಯೇ ಒಂದು ಪ್ರತಿ ಬೇಕು.

ಕಪ್ಪುಹಲಗೆ ಸಾರಾಂಶ

1. ಫೈಲು ಎಲ್ಲಿದೆ? (ಮೋಡ ಅಥವಾ ಹಸಿರು)
2. ಹೊಸ ಬದಲಾವಣೆ ತಲುಪಿತೇ? (ಬಾಣ ಅಥವಾ ಕೆಂಪು)
3. ಇಲ್ಲಿ ಅಳಿಸಿದರೆ ಅಲ್ಲಿ ಏನಾಗುತ್ತದೆ? (ಚಿಹ್ನೆ ಹೇಳುವುದಿಲ್ಲ)

ಮೌಲ್ಯಮಾಪನ (10 ನಿಮಿಷ)

1. ನಾಳೆ ನೆಟ್ ಇಲ್ಲದ ಶಾಲೆಗೆ ಹೋಗಬೇಕು. ಸ್ಲೈಡಿನ ಪಕ್ಕ ನೀಲಿ ಮೋಡವಿದೆ. ಇಂದು ರಾತ್ರಿ ಏನು ಮಾಡುವಿರಿ?
2. ಟೊಳ್ಳು ಹಸಿರಿಗೂ ತುಂಬು ಹಸಿರಿಗೂ ವ್ಯತ್ಯಾಸವೇನು?
3. ಗೆಳತಿಯೊಬ್ಬಳು ಜಾಗಕ್ಕಾಗಿ ಫೋಲ್ಡರು ಅಳಿಸಿದ್ದಾಳೆ. ಈಗ ಎಲ್ಲಿ ಹುಡುಕಲು ಹೇಳುವಿರಿ?

ಬೋಧಕರಿಗೆ ಸೂಚನೆ

ಬೇರೆ ಕಂಪನಿಗಳ ಕ್ಲೌಡ್ ತಂತ್ರಾಂಶಗಳ ಚಿಹ್ನೆಗಳು ಇವುಗಳಂತೆಯೇ ಇರಬೇಕೆಂದಿಲ್ಲ. ಆದ್ದರಿಂದ ಚಿಹ್ನೆಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಮೇಲಿನ ಮೂರು ಪ್ರಶ್ನೆಗಳನ್ನು ರೂಢಿ ಮಾಡಿಸುವುದು ಮೇಲು. ಬಣ್ಣ ಗುರುತಿಸಲು ಕಷ್ಟಪಡುವವರು ತರಗತಿಯಲ್ಲಿ ಇರಬಹುದು. 'ಹಸಿರು', 'ಕೆಂಪು' ಎನ್ನುವಾಗ ಆಕಾರವನ್ನೂ ಹೇಳಬೇಕು. ಚಿಹ್ನೆ ತಿಳಿಯದೆ ಕೈಸುಟ್ಟುಕೊಂಡವರನ್ನು ದಡ್ಡರೆಂದು ನಗಬಾರದು. ಎರಡು ಭಿನ್ನ ಸ್ಥಿತಿಗಳಿಗೆ ಒಂದೇ ಬಣ್ಣದ, ಹೆಚ್ಚುಕಡಿಮೆ ಒಂದೇ ಆಕಾರದ ಗುರುತು ಕೊಟ್ಟಾಗ ತಪ್ಪು ಓದುವುದು ಸಹಜ.

ಗೃಹಪಾಠ: ನಿಮ್ಮ ಲ್ಯಾಪ್‌ಟಾಪಿನ ಪಾಠಯೋಜನೆ ಫೋಲ್ಡರಿನ ಹತ್ತು ಫೈಲುಗಳ ಹೆಸರು, ಚಿಹ್ನೆ ಮತ್ತು 'ಸೈಜ್ ಆನ್ ಡಿಸ್ಕ್' ಅನ್ನು ಪಟ್ಟಿ ಮಾಡಿ ತನ್ನಿ.