ಮನೋವ್ಯಾಧಿಗಳೂ ಅವುಗಳ ಔಷಧಗಳೂ

ಮೈಗೆ ಜ್ವರ ಬಂದರೆ ಅದನ್ನು ಯಾರೂ ಬಚ್ಚಿಡುವುದಿಲ್ಲ. ಮನಸ್ಸಿಗೆ ಬೇನೆ ತಗುಲಿದಾಗ ಮಾತ್ರ ಗ್ರಹಚಾರವೆಂದೋ ಗಾಳಿ ಸೋಕಿತೆಂದೋ ಸೋಮಾರಿತನವೆಂದೋ ಬಗೆದು ತಿಂಗಳುಗಟ್ಟಲೆ ಕಾಲ ಕಳೆಯುವುದುಂಟು. ವಿದ್ಯಾರ್ಥಿಗಳು ಈ ವಿಷಯವನ್ನು ಅರಿತಿರುವುದು ಅಗತ್ಯ. ಏಕೆಂದರೆ ಇಂಥ ಅನೇಕ ವ್ಯಾಧಿಗಳು ಹದಿಹರೆಯದಲ್ಲಿ ಇಲ್ಲವೆ ಯೌವನದ ಮೊದಲ ವರ್ಷಗಳಲ್ಲಿಯೇ ತಲೆದೋರುತ್ತವೆ.

ಲಕ್ಷಣಗಳು

ದುಃಖವೆಲ್ಲವೂ ರೋಗವಲ್ಲ. ಪರೀಕ್ಷೆಯಲ್ಲಿ ಸೋತವನ ಬೇಸರ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ. ಬೇಸರವು ದಿನದ ಬಹುಭಾಗ ಕವಿದು, ಎರಡು ವಾರ ಕಳೆದರೂ ಇಳಿಯದೆ, ನಿದ್ರೆ, ಹಸಿವು, ಓದುಗಳನ್ನು ಕೆಡಿಸಿ, ಬದುಕೇ ಬೇಡವೆನಿಸುವಂತೆ ಮಾಡಿದರೆ ಅದನ್ನು ಖಿನ್ನತೆಯೆಂದು ಶಂಕಿಸಬೇಕು. ತಕ್ಕ ಕಾರಣವಿಲ್ಲದೆ ಎದೆ ಬಡಿದುಕೊಂಡು, ಮೈ ಬೆವರಿ, ಏನೋ ಅನಾಹುತವಾಗುವುದೆಂಬ ಭಯ ಬಿಡದೆ ಕಾಡುವುದು ಆತಂಕರೋಗದ ಲಕ್ಷಣ. ಉನ್ಮಾದದಲ್ಲಿ ರೋಗಿಗೆ ನಿದ್ರೆಯೇ ಬೇಡ. ಮಾತು, ಖರ್ಚು, ಹುರುಪು ಎಲ್ಲವೂ ಮಿತಿಮೀರುತ್ತವೆ. ಒಬ್ಬರಲ್ಲಿಯೇ ಒಮ್ಮೆ ಉನ್ಮಾದ, ಇನ್ನೊಮ್ಮೆ ಖಿನ್ನತೆ ಕಾಣುವುದಕ್ಕೆ ದ್ವಿಧ್ರುವ ವ್ಯಾಧಿ ಎಂದು ಹೆಸರು. ಸ್ಕಿಜೋಫ್ರೀನಿಯದಲ್ಲಿ ಯಾರೂ ಇಲ್ಲದೆಡೆ ಮಾತು ಕೇಳಿಸುವುದುಂಟು. ತನ್ನವರೇ ತನಗೆ ಕೇಡು ಬಗೆಯುತ್ತಿರುವರೆಂಬ ನಂಬಿಕೆ ಬೇರೂರುವುದುಂಟು.

ಕಾರಣಗಳು

ಇವಕ್ಕೆ ಒಂದೇ ಕಾರಣವನ್ನು ಹೇಳಲಾಗದು. ಮಿದುಳಿನ ನರಕೋಶಗಳು ಡೋಪಮಿನ್, ಸೆರೊಟೋನಿನ್ ಮೊದಲಾದ ರಾಸಾಯನಿಕಗಳ ಮೂಲಕ ಒಂದರಿಂದೊಂದಕ್ಕೆ ಸುದ್ದಿ ಮುಟ್ಟಿಸುತ್ತವೆ. ಈ ವ್ಯವಹಾರದಲ್ಲಿನ ಏರುಪೇರಿಗೂ ಕೆಲವು ವ್ಯಾಧಿಗಳಿಗೂ ಸಂಬಂಧವುಂಟು. ಅನುವಂಶೀಯತೆಯ ಪಾಲೂ ಇದೆ. ಆದರೆ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಸ್ಕಿಜೋಫ್ರೀನಿಯ ಬಂದರೂ ಇನ್ನೊಬ್ಬರಿಗೆ ಅದು ಬಾರದಿರುವುದು ಅಪರೂಪವಲ್ಲ. ಆದುದರಿಂದ ವಂಶವಾಹಿಗಳೇ ಸರ್ವಸ್ವವಲ್ಲವೆಂಬುದು ಸ್ಪಷ್ಟ. ಬಾಲ್ಯದ ಹಿಂಸೆ, ಅಗಲಿಕೆ, ಬಡತನ, ಮದ್ಯ, ಗಾಂಜಾ ಇವು ಕೂಡ ರೋಗಕ್ಕೆ ದಾರಿಮಾಡಿಕೊಡಬಲ್ಲವು.

ಔಷಧ ಚಿಕಿತ್ಸೆ

1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯನು ಲಿಥಿಯಂ ಲವಣದಿಂದ ಉನ್ಮಾದವು ಶಮನವಾಗುವುದನ್ನು ಪ್ರಕಟಿಸಿದನು. 1952ರಲ್ಲಿ ಪ್ಯಾರಿಸಿನ ಡಿಲೇ ಮತ್ತು ಡೆನಿಕರ್ ಎಂಬವರು ಕ್ಲೋರ್‌ಪ್ರೊಮಜೀನ್ ಔಷಧವನ್ನು ಮನೋರೋಗಿಗಳಿಗೆ ಕೊಟ್ಟು ಅದರ ಗುಣವನ್ನು ಕಂಡರು. ಅದು ಡೋಪಮಿನ್ನಿನ ಸುದ್ದಿಯನ್ನು ತಡೆಯುತ್ತದೆಂಬುದು ಆಮೇಲೆ ತಿಳಿಯಿತು. ಖಿನ್ನತೆ, ಆತಂಕಗಳಿಗೆ ಈಗ ಫ್ಲುಯೊಕ್ಸೆಟಿನ್‌ನಂಥ ಮಾತ್ರೆಗಳು ಬಳಕೆಯಲ್ಲಿವೆ.

ಇಲ್ಲಿ ಒಂದು ಸಂಗತಿಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಫ್ಲುಯೊಕ್ಸೆಟಿನ್ ನರಕೋಶಗಳ ಸಂಧಿಯಲ್ಲಿ ಸೆರೊಟೋನಿನ್ನನ್ನು ಬೇಗನೆ ಹೆಚ್ಚಿಸಿದರೂ, ಮನಸ್ಸು ಹಗುರವಾಗಲು ಹಲವು ವಾರಗಳು ಬೇಕು. ಓಕರಿಕೆ, ತಲೆನೋವುಗಳಾದರೋ ಮೊದಲ ದಿನಗಳಲ್ಲಿಯೇ ತೋರಬಹುದು. ತೊಂದರೆ ಮೊದಲು, ಗುಣ ಆಮೇಲೆ! ಇದನ್ನರಿಯದ ರೋಗಿ ಮದ್ದು ತನಗೆ ಒಗ್ಗದೆಂದು ಬಿಟ್ಟುಬಿಡುತ್ತಾನೆ. ಗುಣವಾದ ಮೇಲೂ ವೈದ್ಯರನ್ನು ಕೇಳದೆ ಬಿಟ್ಟರೆ ರೋಗವು ಮರುಕಳಿಸುವ ಭಯವುಂಟು. ಎಳೆಯ ವಯಸ್ಸಿನ ಕೆಲವರಲ್ಲಿ ಆರಂಭದ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚುವ ಸಂಭವವಿರುವುದರಿಂದ ಮನೆಯವರು ಎಚ್ಚರವಾಗಿದ್ದು, ಹಾಗೆ ಕಂಡೊಡನೆ ವೈದ್ಯರಿಗೆ ತಿಳಿಸಬೇಕು. ಲಿಥಿಯಂ ಸೇವಿಸುವವರು ಆಗಾಗ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯ. ಅದು ಹಿತ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಸ್ವಲ್ಪವೇ. ನಿದ್ರೆಗೆಂದು ಡಯಾಜೆಪಾಮ್‌ನಂಥ ಮಾತ್ರೆಗಳನ್ನು ತಾವಾಗಿಯೇ ನುಂಗುವವರು ಅವುಗಳಿಗೆ ದಾಸರಾಗುವುದುಂಟು.

ಔಷಧದ ಜೊತೆಗೆ ವೈದ್ಯರೊಡನೆ ಮನಬಿಚ್ಚಿ ಮಾತನಾಡುವ ಚಿಕಿತ್ಸೆಯೂ ಮನೆಯವರ ತಾಳ್ಮೆಯೂ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲದೆ ಅನೇಕ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಮನೋವೈದ್ಯರಿದ್ದಾರೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ, ಕನ್ನಡದಲ್ಲಿಯೇ, ಖರ್ಚಿಲ್ಲದೆ ಮಾತನಾಡಬಹುದು. ಗೆಳೆಯನೊಬ್ಬನು ಬದುಕು ಬೇಡವೆಂದು ಹೇಳಿದರೆ ಅದನ್ನು ಹಗುರವಾಗಿ ಕಾಣದೆ, ಅವನನ್ನು ಒಂಟಿಯಾಗಿ ಬಿಡದೆ, ಕೂಡಲೇ ಹಿರಿಯರಿಗೆ ತಿಳಿಸಿ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.