ಪೋಡಿನ ತಾತನನ್ನು ಕೇಳು

ಫೈರ್ ವಾಚರ್ ಕೆಲಸ ಸಿಕ್ಕಿತೆಂದು ನಿಮ್ಮಮ್ಮ ಹೇಳಿದಳು. ಸಂತೋಷ, ಮಗಾ. ಇನ್ನು ಬೇಸಿಗೆ ಮುಗಿಯುವ ತನಕ ಬಿಳಿಗಿರಿರಂಗನ ಬೆಟ್ಟದಲ್ಲಿ ಹಸಿ ಸೊಪ್ಪು ಹಿಡಿದು ಉರಿ ಬಡಿಯುವವನು ನೀನು. ಹತ್ತುವ ಮುಂಚೆ ಈ ಮುದುಕನ ಮಾತು ಕೇಳಿಸಿಕೊಂಡು ಹೋಗು.

ಕಾಡಿಗೆ ಬೆಂಕಿ ಬಿದ್ದಾಗಲೆಲ್ಲ ‘ಪೋಡಿನವರದ್ದೇ ಕೆಲಸ’ ಎಂದು ಆಡಿಬಿಡುವವರು ಸಿಗುತ್ತಾರೆ. ನೀನು ಹೂಂಗುಟ್ಟಬೇಡ. ಪೋಡು ಅಂದರೆ ಈ ಬೆಟ್ಟದ ಬುಡಕಟ್ಟಿನವರಾದ ಸೋಲಿಗರ ಹಾಡಿ. ಅವರು ಹಿಂದೆ ಬೆಂಕಿ ಹಾಕುತ್ತಿದ್ದುದು ನಿಜ. ಅದನ್ನು ತರಗು ಬೆಂಕಿ ಅನ್ನುತ್ತಾರೆ. ಜನವರಿ, ಫೆಬ್ರವರಿಯಲ್ಲಿ, ಕಾಡು ಪೂರ್ತಿ ಒಣಗುವ ಮುಂಚೆ, ಉದುರಿದೆಲೆಗೆ ಇಡುವ ಕಿಚ್ಚು. ನೆಲಕ್ಕಂಟಿಕೊಂಡು ತೆವಳುವ ಸಣ್ಣ ಉರಿ. ತರಗು ಸುಡುತ್ತಿತ್ತು, ಮರ ಉಳಿಯುತ್ತಿತ್ತು, ಮಳೆ ಬಿದ್ದೊಡನೆ ಹುಲ್ಲು ಏಳುತ್ತಿತ್ತು. ನೆಲ್ಲಿಮರದ ರಸ ಹೀರುವ ಉಪ್ಪಿಲು ಬಂದಳಿಕೆಯೂ ಆಗ ಹತೋಟಿಯಲ್ಲಿತ್ತು ಎಂಬುದು ಅವರ ಮಾತು. ನೆಲ್ಲಿಕಾಯಿ ಆಯ್ದು ಬದುಕಿದವರು, ಸುಮ್ಮನೆ ಹೇಳುವುದಿಲ್ಲ.

1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು, ಆ ಬೆಂಕಿ ನಿಂತಿತು. ಲಂಟಾನ ಎಂಬ ಕಳೆ ಹಬ್ಬಿತು. ಬೆಂಕಿ ನಿಂತದ್ದೊಂದೇ ಅದಕ್ಕೆ ಕಾರಣವೋ ಅಲ್ಲವೋ, ಬಲ್ಲವರ ನಡುವೆ ವಾದವಿದೆ. ಆದರೆ ಬೇಸಿಗೆಯಲ್ಲಿ ಒಂದು ಲಂಟಾನ ಪೊದೆಯನ್ನು ಬಗ್ಗಿಸಿ ನೋಡು: ಮೇಲೆ ಆಳೆತ್ತರ, ಒಳಗೆಲ್ಲ ಒಣಕಡ್ಡಿ. ನೆಲದ ಉರಿ ಮರದ ನೆತ್ತಿಗೇರಲು ಏಣಿ ಇಟ್ಟ ಹಾಗಿದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 10,000 ಎಕರೆಗೂ ಮಿಕ್ಕಿ ಕಾಡು ಸುಟ್ಟಿತಲ್ಲ, ಮರೆಯಬೇಡ.

ಇಷ್ಟು ಕೇಳಿ ನೀನೇ ಕಡ್ಡಿ ಗೀರಲು ಹೋಗಬೇಡ! ಅಂದಿನ ಕಾಡು ಇಂದಿಲ್ಲ, ಅಂದಿನ ಮಳೆಯೂ ಇಲ್ಲ. ಬಿಸಿಲು ಏರುತ್ತಿದೆ, ಅಜ್ಜಂದಿರು ತಿಂಗಳು ನೋಡಿ ಹಾಕುತ್ತಿದ್ದ ಬೆಂಕಿಯನ್ನು ಇಂದು ಹಾಗೇ ಹಾಕಿದರೆ ಕೈಮೀರುತ್ತದೆ. ಮೊದಲು ಲಂಟಾನ ಕೀಳಬೇಕು, ಕಾನೂನು ಒಪ್ಪಬೇಕು, ಆಮೇಲೆ ಉಳಿದದ್ದು. ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡಿನಲ್ಲಿ ಮೂಲನಿವಾಸಿಗಳು ಬೇಸಿಗೆ ಬಲಿಯುವ ಮುಂಚೆಯೇ ಹುಲ್ಲು ಸುಡುತ್ತಾರೆ. ವಿಜ್ಞಾನಿಗಳು ಜೊತೆಗಿದ್ದಾರೆ, ಹೊಗೆ ತಗ್ಗಿಸಿದ್ದಕ್ಕೆ ಹಣವೂ ಬರುತ್ತದೆ. ಅಲ್ಲಿ ಆದದ್ದು ಇಲ್ಲಿ ಯಾಕಾಗಬಾರದು?

2011ರಲ್ಲಿ ಈ ಬೆಟ್ಟದ ಸೋಲಿಗರಿಗೆ ಕಾಡನ್ನು ಬಳಸುವ, ಕಾಯುವ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಆದರೆ ಕೈಯಾರೆ ತರಗು ಬೆಂಕಿ ಹಾಕಿದವರು ಈಗ ಹಣ್ಣುಹಣ್ಣು ಮುದುಕರು. ಡ್ಯೂಟಿ ಮುಗಿದ ಸಂಜೆ ಅವರ ಜಗಲಿಯಲ್ಲಿ ಕೂರು. ‘ತಾತ, ಗಾಳಿ ಎತ್ತ ಬೀಸುವಾಗ ಹಾಕ್ತಿದ್ರಿ? ಎಲ್ಲಿ ಹಾಕ್ತಿರಲಿಲ್ಲ?’ ಎಂದು ಕೇಳು, ಬರೆದುಕೋ. ಹೋಗುವಾಗ ಎಲೆಅಡಿಕೆ ಒಯ್ಯಲು ಮರೆಯಬೇಡ.