ಕೋಡ್ ಕಾಣದವನಿಗೆ ಬರೆಯುವುದು

ನೀನು ಬರೆದ ರೀಫಂಡ್ ಟೂಲ್ ನೋಡಿದೆ, ಮಗು. ಕೋಡ್ ಚೊಕ್ಕವಾಗಿದೆ, ಟೆಸ್ಟ್‌ಗಳೂ ಇವೆ. ಆದರೆ ವಿವರಣೆಯ ಜಾಗದಲ್ಲಿ ‘ಗ್ರಾಹಕರಿಗೆ ರೀಫಂಡ್ ಮಾಡುತ್ತದೆ’ ಅಂತ ಒಂದು ಸಾಲು ಗೀಚಿ ಎದ್ದುಬಿಟ್ಟಿದ್ದೀಯ. ಅದಕ್ಕೇ ನನ್ನ ತಕರಾರು.

ಈ ಟೂಲ್ ಬಳಸುವ ಎಐ ಏಜೆಂಟ್ ನಿನ್ನ ಕೋಡನ್ನು ಸಾಮಾನ್ಯವಾಗಿ ನೋಡುವುದೇ ಇಲ್ಲ. ಅದರ ಕೈಗೆ ಸಿಗುವುದು ಟೂಲ್‌ನ ಹೆಸರು, ವಿವರಣೆ, ಏನೇನು ಕೊಡಬೇಕೆಂಬ ಪಟ್ಟಿ, ಅಷ್ಟೆ. 2023ರಲ್ಲಿ ಓಪನ್‌ಎಐ, ಮಾಡೆಲ್ ಟೂಲ್‌ಗಳನ್ನು ಕರೆಯುವ ಫಂಕ್ಷನ್ ಕಾಲಿಂಗ್ ತಂದಾಗಲೂ ಹೀಗೇ ಇತ್ತು, 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್, ಟೂಲ್‌ಗಳನ್ನು ಏಜೆಂಟ್‌ಗೆ ಜೋಡಿಸುವ ಎಂಸಿಪಿ ಎಂಬ ಮಾನಕ ಹೊರತಂದ ಮೇಲೂ ಹೀಗೇ ಇದೆ. ಪಕ್ಕದ ಸೀಟಿನವನಿಗೆ ಅನುಮಾನ ಬಂದರೆ ನಿನ್ನ ಹತ್ತಿರ ಬಂದು ಕೇಳುತ್ತಾನೆ. ಏಜೆಂಟ್ ನಿನ್ನನ್ನು ಕೇಳಲಾರದು, ಊಹಿಸುತ್ತದೆ. ಊಹಿಸಿದ್ದನ್ನು ಗೊತ್ತಿದ್ದವರ ಧಾಟಿಯಲ್ಲೇ ಮಾಡಿ ಮುಗಿಸುತ್ತದೆ.

ನಿನ್ನ ಟೂಲ್ ‘ಅಮೌಂಟ್’ ಕೇಳುತ್ತದೆ. ರೂಪಾಯಿಯಲ್ಲೋ, ಪೈಸೆಯಲ್ಲೋ? ರೇಜರ್‌ಪೇಯಂಥ ಪೇಮೆಂಟ್ ಗೇಟ್‌ವೇಗಳು ಪೈಸೆಯಲ್ಲಿ ಕೇಳುತ್ತವೆ. ₹500 ಅಂದರೆ ಅಲ್ಲಿ 50000. ನಿನ್ನದೂ ಪೈಸೆಯ ಟೂಲ್ ಆಗಿದ್ದು ಏಜೆಂಟ್ 500 ಕಳಿಸಿತು ಅನ್ನು, ಗ್ರಾಹಕನ ಖಾತೆಗೆ ಐದು ರೂಪಾಯಿ ಬೀಳುತ್ತದೆ. ಟೂಲ್ ರೂಪಾಯಿಯದಾಗಿದ್ದು, ಗೇಟ್‌ವೇಗಳ ದಾಖಲೆ ಓದಿ ಪಳಗಿದ ಮಾಡೆಲ್ ಪೈಸೆ ಎಂದುಕೊಂಡರೆ ಐವತ್ತು ಸಾವಿರವೇ ಹೋಗುತ್ತದೆ. ಎರಡೂ ಸರಿಯಾದ ಸಂಖ್ಯೆಗಳೇ ಆದ್ದರಿಂದ ಎರರ್ ಬರುವುದಿಲ್ಲ. ‘ಮೊತ್ತ ಪೈಸೆಯಲ್ಲಿ, ₹500ಕ್ಕೆ 50000’ ಎಂದು ಬರೆದಿದ್ದರೆ ಈ ರಾಮಾಯಣವೇ ಇಲ್ಲ. ಫೀಲ್ಡ್‌ನ ಹೆಸರಲ್ಲೇ ಪೈಸೆ ಸೇರಿಸಿಬಿಟ್ಟರೆ ಇನ್ನೂ ವಾಸಿ.

ತಾರೀಖಿನದೂ ಅದೇ ಗೋಳು. 03/04 ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ವರ್ಷ ಮೊದಲು, ಆಮೇಲೆ ತಿಂಗಳು, ದಿನ ಎಂದು ಬರೆದು ಒಂದು ಉದಾಹರಣೆ ಕೊಡು. ಭಾರತೀಯ ಸಮಯವೋ ಯುಟಿಸಿಯೋ ಅದನ್ನೂ ಹೇಳು: ಐದೂವರೆ ಗಂಟೆಯ ಅಂತರದಲ್ಲಿ ನಮ್ಮ ಬೆಳಗಿನ ಜಾವದ ಆರ್ಡರ್ ಯುಟಿಸಿಯಲ್ಲಿ ಹಿಂದಿನ ದಿನದ್ದಾಗುತ್ತದೆ.

ಟೂಲ್ ಏನು ಮಾಡುತ್ತದೆ ಅನ್ನುವುದನ್ನು ಎಲ್ಲರೂ ಬರೆಯುತ್ತಾರೆ. ಯಾವಾಗ ಬಳಸಬಾರದು ಅನ್ನುವುದನ್ನು ಬರೆಯುವವರು ಕಡಿಮೆ. ನಿನ್ನ ಟೂಲ್‌ಗಳ ಪಟ್ಟಿಯಲ್ಲಿ ಆರ್ಡರ್ ರದ್ದು ಮಾಡುವ ಟೂಲ್ ಕೂಡ ಇದೆಯಲ್ಲ? ‘ದುಡ್ಡು ವಾಪಸ್ ಕೊಡಿ’ ಎಂದು ಗ್ರಾಹಕ ಕೇಳಿದಾಗ ಎರಡರಲ್ಲಿ ಯಾವುದು? ಸಾಮಾನು ಇನ್ನೂ ಹೊರಟಿಲ್ಲದಿದ್ದರೆ ರದ್ದತಿಯ ಟೂಲ್, ತಲುಪಿದ ಮೇಲೆ ರೀಫಂಡ್ ಟೂಲ್ ಎಂದು ಎರಡೂ ಕಡೆ ಬರೆ. ಟೈಮ್‌ಔಟ್ ಆಗಿ ಮತ್ತೊಮ್ಮೆ ಕರೆದರೆ ಎರಡು ಸಲ ಹಣ ಹೋಗುತ್ತದೆಯೇ? ಅದೂ ಅಲ್ಲಿರಬೇಕು. 1971ರ ಯುನಿಕ್ಸ್ ಕೈಪಿಡಿಯಲ್ಲೇ ‘ಬಗ್ಸ್’ ಎಂಬ ಭಾಗವಿತ್ತು. ತಮ್ಮ ಕಮಾಂಡ್ ಎಲ್ಲಿ ಕೈಕೊಡುತ್ತದೆ ಎಂದು ಬರೆದವರೇ ಅಲ್ಲಿ ಹೇಳುತ್ತಿದ್ದರು. ಆ ಸಂಕೋಚವಿಲ್ಲದ ಬರವಣಿಗೆ ನನಗೆ ಇವತ್ತಿಗೂ ಇಷ್ಟ.

ಹಾಗಂತ ಪುರಾಣ ಬರೆಯಬೇಡ. ಟೂಲ್‌ಗಳ ವಿವರಣೆಯೆಲ್ಲ ಮಾಡೆಲ್‌ನ ಕಾಂಟೆಕ್ಸ್ಟ್‌ನಲ್ಲಿ ಜಾಗ ಹಿಡಿಯುತ್ತದೆ, ಟೋಕನ್ ತಿನ್ನುತ್ತದೆ. ‘ಅತ್ಯಂತ ಶಕ್ತಿಶಾಲಿ’ ಎಂಬ ಜಾಹೀರಾತಿನ ಮಾತು ಅಲ್ಲಿ ಯಾರಿಗೆ ಬೇಕು? ‘ಯಾವಾಗಲೂ ಇದನ್ನೇ ಬಳಸು’ ಎಂದು ಕೂಗಿದರೆ ಮಾಡೆಲ್ ಬೇಡದ ಕಡೆಯೂ ಅದನ್ನೇ ಬಳಸುತ್ತದೆ.

ಇನ್ನೊಂದು ಮಾತು. ‘₹5,000ಕ್ಕಿಂತ ಹೆಚ್ಚು ಕೊಡಬೇಡ’ ಎಂದು ವಿವರಣೆಯಲ್ಲಿ ಬರೆದು ನಿಶ್ಚಿಂತೆಯಿಂದ ಇರಬೇಡ. ಮಾಡೆಲ್ ಅದನ್ನು ಮೀರಬಹುದು, ಯಾರಾದರೂ ಮಾತಿನಲ್ಲಿ ಮರುಳು ಮಾಡಿ ಮೀರಿಸಲೂಬಹುದು. ಮಿತಿ ಕೋಡ್‌ನಲ್ಲೇ ಇರಲಿ. ಮಿತಿ ದಾಟಿದಾಗ ಬರುವ ಎರರ್ ಕೂಡ ವಿವರಣೆಯ ಮುಂದುವರಿದ ಭಾಗವೇ. ಬರೀ ‘400’ ಎಂದು ಮುಖಕ್ಕೆ ಎಸೆಯದೆ, ಮಿತಿ ಎಷ್ಟು, ಮುಂದೆ ಯಾರಿಗೆ ಒಪ್ಪಿಸಬೇಕು ಎಂದು ಅದರಲ್ಲೇ ಹೇಳು.

ಬರೆದಾದ ಮೇಲೆ ಗ್ರಾಹಕರು ನಿಜವಾಗಿ ಕೇಳುವ ಧಾಟಿಯ ಕೆಲವು ಮಾತುಗಳನ್ನು ಏಜೆಂಟ್‌ಗೆ ಕೊಟ್ಟು, ಯಾವ ಟೂಲ್ ಆರಿಸಿತು, ಏನು ತುಂಬಿಸಿತು ಎಂದು ಲಾಗ್ ತೆಗೆದು ಓದು. ತಪ್ಪಿದ ಕಡೆ ಒಂದು ವಾಕ್ಯ ತಿದ್ದಿ ಮತ್ತೆ ನೋಡು. ಒಟ್ಟಿಗೆ ಹತ್ತು ತಿದ್ದಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ರಿವ್ಯೂಗೆ ಕಳಿಸುವ ಮುಂಚೆ ವಿವರಣೆಯೊಂದನ್ನೇ ಯಾರಿಗಾದರೂ ಓದಲು ಕೊಡು. ಇನ್ನೊಬ್ಬ ಎಂಜಿನಿಯರ್‌ಗಿಂತ ದಿನವಿಡೀ ಗ್ರಾಹಕರ ಫೋನ್ ಎತ್ತುವವರಿಗೆ ಕೊಟ್ಟರೆ ಒಳ್ಳೆಯದು. ಅವರಿಗೆ ಬರುವ ಪ್ರಶ್ನೆಗಳು ನಮಗೆ ಹೊಳೆಯುವುದಿಲ್ಲ.